ಫಿಯೆಟ್, ಅಂಬಾಸಿಡರ್ ಕಾರುಗಳ ಸ್ಟಿಯರಿಂಗ್ ಸವೆತ: ಪರೀಕ್ಷಿಸುವ ಮತ್ತು ಬದಲಿಸುವ ಬಗೆ

ಹಳೆಯ ಕಾರಿನ ಸ್ಟಿಯರಿಂಗ್ ಸಡಿಲವಾಗಿದೆ ಎಂದು ಗ್ಯಾರೇಜಿಗೆ ಒಯ್ದರೆ ಬಹಳಷ್ಟು ಕಡೆ ಮೊದಲು ನಡೆಯುವ ಕೆಲಸ ಒಂದೇ: ಸ್ಟಿಯರಿಂಗ್ ಬಾಕ್ಸಿನ (ಸ್ಟಿಯರಿಂಗ್ ಚಕ್ರದ ತಿರುವನ್ನು ಗಾಲಿಗಳತ್ತ ದಾಟಿಸುವ ಗೇರು ಪೆಟ್ಟಿಗೆಯ) ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡಿ ಗಾಡಿಯನ್ನು ಮರಳಿ ಕೊಡುವುದು. ಕೈಗೆ ಸಿಗುತ್ತಿದ್ದ ಪ್ಲೇ (ಗಾಲಿ ಅಲುಗದೆ ಸ್ಟಿಯರಿಂಗ್ ಬರಿದೇ ತಿರುಗುವ ಸಡಿಲು) ಒಮ್ಮೆಗೇ ಕಡಿಮೆಯಾಗುವುದರಿಂದ ಮಾಲೀಕರಿಗೂ ಸಮಾಧಾನವಾಗುತ್ತದೆ. ನಮ್ಮ ಮನೆಯ 1986ರ ಪ್ರೀಮಿಯರ್ ಪದ್ಮಿನಿಗೂ ಹೀಗೆಯೇ ಆಗಿತ್ತು. ಬಿಗಿಮಾಡಿಸಿಕೊಂಡು ಬಂದ ವಾರದಲ್ಲೇ ಚಾರ್ಮಾಡಿ ಘಾಟಿ ಇಳಿಯುವಾಗ, ತಿರುವು ಮುಗಿದ ಮೇಲೂ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರಲಿಲ್ಲ. ಪ್ರತಿ ತಿರುವಿನಲ್ಲೂ ಅದನ್ನು ಕೈಯಿಂದ ಎಳೆದು ತರಬೇಕಾಯಿತು. ಮನೆಗೆ ಬಂದು ಬಿಚ್ಚಿ ನೋಡಿದಾಗ ಗಾಲಿಗಳನ್ನು ತಿರುಗಿಸುವ ರಾಡುಗಳ ತುದಿಯ ಕೀಲುಗಳಾದ ಎರಡು ಟೈ ರಾಡ್ ಎಂಡ್‌ಗಳೂ ರಾಡುಗಳಿಗೆ ಎದುರು ಬದಿಯಲ್ಲಿ ಆಸರೆಯಾದ ಐಡ್ಲರ್ ಆರ್ಮಿನ ಬುಷ್ಷೂ (ಕೀಲಿನೊಳಗಿನ ಕೊಳವೆಯಂಥ ಭಾಗ) ಸವೆದಿದ್ದವು, ಬಾಕ್ಸಿನಲ್ಲಿ ಹೇಳಿಕೊಳ್ಳುವಂಥ ದೋಷವೇ ಇರಲಿಲ್ಲ. ಹೀಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವ ಕ್ರಮವಿದು: ಪರೀಕ್ಷೆ ಗಾಲಿಯಿಂದ ಶುರುವಾಗಿ ಕೈಯತ್ತ ಸಾಗಬೇಕು, ಬಾಕ್ಸಿನ ಸರದಿ ಕೊನೆಗೆ ಬರಬೇಕು.

ಇಲ್ಲಿ ಎರಡು ಕಾರುಗಳನ್ನು ಮುಂದಿಟ್ಟುಕೊಂಡಿದ್ದೇನೆ. ಒಂದು, 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿಯೂ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿಯೂ ಮುಂಬೈಯ ಕುರ್ಲಾದಲ್ಲಿ ತಯಾರಾದ ಕಾರು. ಇನ್ನೊಂದು, ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್. ಕರ್ನಾಟಕದ ಮನೆಗಳಲ್ಲಿ ಇಂದಿಗೂ ಉಳಿದಿರುವ ಹಳೆಯ ಕಾರುಗಳಲ್ಲಿ ಇವೆರಡರ ಪಾಲು ದೊಡ್ಡದು. ಜೊತೆಗೆ ಇವೆರಡರ ಸ್ಟಿಯರಿಂಗ್ ರಚನೆ ಬೇರೆ ಬೇರೆಯಾಗಿರುವುದರಿಂದ ಇವನ್ನು ಅರಿತವರಿಗೆ ಆ ಕಾಲದ ಉಳಿದ ಕಾರುಗಳೂ ಅರ್ಥವಾಗುತ್ತವೆ.

ಫಿಯೆಟ್‌ನಲ್ಲಿ ಸ್ಟಿಯರಿಂಗ್ ಕಾಲಮ್ಮಿನ ತುದಿಯಲ್ಲಿ ಒಂದು ಬಾಕ್ಸ್ ಇದೆ. ಒಳಗಿನ ವರ್ಮ್ (ಸ್ಕ್ರೂವಿನಂಥ ಸುರುಳಿ ಹಲ್ಲಿನ ಕಡ್ಡಿ) ತಿರುಗಿದಾಗ ಅದಕ್ಕೆ ಕಚ್ಚಿಕೊಂಡ ಅಡ್ಡ ಶಾಫ್ಟ್ ತಿರುಗಿ, ಆ ಶಾಫ್ಟಿನ ತುದಿಯ ಡ್ರಾಪ್ ಆರ್ಮ್ ಅತ್ತಿತ್ತ ಸರಿಯುತ್ತದೆ. ಎದುರು ಬದಿಯಲ್ಲಿ ಅದೇ ಅಳತೆಯ ಐಡ್ಲರ್ ಆರ್ಮ್ ಇದ್ದು, ಎರಡನ್ನೂ ನಡುವಿನ ರಾಡ್ ಜೋಡಿಸುತ್ತದೆ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ಟೈ ರಾಡ್ ಹೊರಟು ಗಾಲಿಗಳ ಸ್ಟಿಯರಿಂಗ್ ಆರ್ಮ್‌ಗಳನ್ನು ಸೇರುತ್ತವೆ. ಗಾಲಿ ಎಡಬಲಕ್ಕೆ ತಿರುಗುವುದು ಕಿಂಗ್ ಪಿನ್ ಎಂಬ ನಿಂತ ಕಡ್ಡಿಯ ಮೇಲೆ. ಅಂಬಾಸಿಡರ್‌ನಲ್ಲಿ ಬಾಕ್ಸ್ ಇಲ್ಲ, ರ‍್ಯಾಕ್ ಮತ್ತು ಪಿನಿಯನ್ (ಹಲ್ಲಿನ ಚಕ್ರವೊಂದು ಹಲ್ಲಿನ ಅಡ್ಡ ಕಂಬಿಯನ್ನು ಎಡಬಲಕ್ಕೆ ಸರಿಸುವ ಏರ್ಪಾಡು) ಇದೆ; ಕೀಲುಗಳು ಕಡಿಮೆ, ಹಾಗಾಗಿ ಸಹಜ ಪ್ಲೇ ಕೂಡ ಕಡಿಮೆ. ಅದರ ಮುಂಗಾಲಿ ತಿರುಗುವುದು ಮೇಲೂ ಕೆಳಗೂ ಥ್ರೆಡ್ ಇರುವ ಪಿನ್ನಿನ ಮೇಲೆ, ಆ ಥ್ರೆಡ್‌ಗಳು ಕುಳಿತುಕೊಳ್ಳುವುದು ಟ್ರನಿಯನ್ ಎಂಬ ಭಾಗಗಳಲ್ಲಿ. ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಕಂಬಿ) ಸಸ್ಪೆನ್ಶನ್ನಿನ ಜೊತೆಗಿನ ಈ ವಿನ್ಯಾಸ ಬ್ರಿಟಿಷ್ ಕಾರು ವಿನ್ಯಾಸಕ ಅಲೆಕ್ ಇಸಿಗೋನಿಸ್ 1948ರಲ್ಲಿ ಹೊರಬಂದ ಮೋರಿಸ್ ಮೈನರ್ ಕಾರಿಗೆ ರೂಪಿಸಿದ ವಿನ್ಯಾಸದ ಬಳಗಕ್ಕೆ ಸೇರಿದ್ದು.

ಸಣ್ಣ ಸವೆತಗಳು ಕೈಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತವೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಸ್ಟಿಯರಿಂಗ್ ಚಕ್ರ 16 ಡಿಗ್ರಿ ತಿರುಗಿದರೆ ಗಾಲಿ 1 ಡಿಗ್ರಿ ತಿರುಗುತ್ತದೆ ಎಂದಿಟ್ಟುಕೊಳ್ಳಿ. ಸ್ಟಿಯರಿಂಗ್ ಆರ್ಮಿನ ಉದ್ದ 130 ಮಿ.ಮೀ., ಸ್ಟಿಯರಿಂಗ್ ಚಕ್ರದ ನಡುವಿನಿಂದ ಅಂಚಿಗೆ 200 ಮಿ.ಮೀ. ಇರಲಿ. ಆಗ ಟೈ ರಾಡಿನ ಸಾಲಿನಲ್ಲಿ ಕೇವಲ 1 ಮಿ.ಮೀ. ಸಡಿಲಿದ್ದರೆ ಕೈ ಹಿಡಿಯುವ ಅಂಚಿನಲ್ಲಿ ಅದು ಸುಮಾರು 25 ಮಿ.ಮೀ. ಪ್ಲೇ ಆಗಿ ಕಾಣುತ್ತದೆ. ನಾಲ್ಕು ಕೀಲುಗಳಲ್ಲಿ ತಲಾ ಕಾಲು ಮಿ.ಮೀ. ಸವೆದರೂ ಅಷ್ಟೇ ಆಗುತ್ತದೆ, ಆದರೆ ಯಾವುದೇ ಒಂದು ಕೀಲನ್ನು ನೋಡಿದವರಿಗೆ ಅದು ಕೆಟ್ಟಿದೆ ಎನಿಸುವುದಿಲ್ಲ. ಎಲ್ಲ ಕೀಲುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಬೇಕು ಎನ್ನುವುದು ಇದೇ ಕಾರಣಕ್ಕೆ.

ಪರೀಕ್ಷೆಗೆ ಮೊದಲು ಟಯರುಗಳ ಗಾಳಿಯನ್ನು ಸರಿಯಾದ ಅಳತೆಗೆ ತುಂಬಿಸಿ, ಎರಡೂ ಮುಂದಿನ ಟಯರುಗಳು ಒಂದೇ ಬಗೆಯವೇ ಎಂಬುದನ್ನು ನೋಡಿಕೊಳ್ಳಿ. ಗಾಡಿ ಒಂದು ಕಡೆಗೆ ಎಳೆಯುತ್ತದೆ ಎಂಬ ದೂರಿನ ಮೂಲ ಎಷ್ಟೋ ಸಲ ಗಾಳಿಯಲ್ಲಿಯೋ ಒಂದು ಬದಿಯ ಬ್ರೇಕ್ ಹಿಡಿದುಕೊಂಡಿರುವುದರಲ್ಲಿಯೋ ಇರುತ್ತದೆ. ಬಳಿಕ ಕಾರಿನ ಕೆಳಭಾಗವನ್ನು ಸೀಮೆಎಣ್ಣೆ ಮತ್ತು ಬ್ರಶ್ಶಿನಿಂದ ಚೆನ್ನಾಗಿ ತೊಳೆಯಿರಿ. ದಶಕಗಳ ಗ್ರೀಸೂ ಧೂಳೂ ಸೇರಿ ಗಟ್ಟಿಯಾದ ಪದರದಡಿ ಬಿರುಕು ಬಿಟ್ಟ ಬೂಟು (ಕೀಲನ್ನು ಮುಚ್ಚುವ ರಬ್ಬರ್ ಹೊದಿಕೆ), ಸಡಿಲಾದ ನಟ್ಟು, ಮುರಿದ ಸ್ಪ್ಲಿಟ್ ಪಿನ್ನು (ನಟ್ಟು ಕಳಚದಂತೆ ತಡೆಯುವ ತಂತಿಯಂಥ ಪಿನ್ನು) ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಇಡೀ ಕೆಲಸದಲ್ಲಿ ಬೇಸರ ತರುವ ಭಾಗ ಇದೇ ಆದರೂ ಇದನ್ನು ಬಿಟ್ಟು ಮುಂದೆ ಹೋಗಬಾರದು.

ಮೊದಲ ಪರೀಕ್ಷೆಯನ್ನು ಗಾಡಿಯ ಭಾರ ಗಾಲಿಗಳ ಮೇಲಿರುವಾಗಲೇ ಮಾಡಬೇಕು. ಗುಂಡಿ ಇರುವ ಗ್ಯಾರೇಜ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಗಟ್ಟಿಯಾದ ರ‍್ಯಾಂಪ್ ಸಾಕು. ಗಾಲಿಗಳನ್ನು ನೇರಕ್ಕೆ ನಿಲ್ಲಿಸಿ, ಸ್ಟಿಯರಿಂಗ್ ಚಕ್ರದ ಅಂಚಿಗೆ ಒಂದು ಟೇಪಿನ ತುಂಡು ಅಂಟಿಸಿ, ಮುಂದಿನ ಗಾಲಿ ಅಲುಗಲು ತೊಡಗುವವರೆಗೆ ಅತ್ತಿತ್ತ ತಿರುಗಿಸಿ ಆ ಗುರುತು ಎಷ್ಟು ಸರಿಯುತ್ತದೆ ಎಂದು ಅಳೆಯಿರಿ. ಬಾಕ್ಸ್ ಇರುವ ಹಳೆಯ ಕಾರಿನಲ್ಲಿ 25 ಮಿ.ಮೀ. ಆಸುಪಾಸು ಇದ್ದರೆ ನಾನು ಒಪ್ಪುತ್ತೇನೆ. ರ‍್ಯಾಕ್ ಇರುವ ಅಂಬಾಸಿಡರ್‌ನಲ್ಲಿ ಅದರ ಅರ್ಧಕ್ಕಿಂತ ಹೆಚ್ಚಾದರೆ ಹುಡುಕಾಟ ಶುರುಮಾಡಬೇಕು. ಅಳತೆಯನ್ನು ಪುಸ್ತಕದಲ್ಲಿ ಬರೆದಿಡಿ, ಪ್ರತಿ ಭಾಗ ಬದಲಿಸಿದ ಮೇಲೂ ಮತ್ತೆ ಅಳೆಯಿರಿ.

ಈಗ ಒಬ್ಬರು ಒಳಗೆ ಕುಳಿತು ಸ್ಟಿಯರಿಂಗನ್ನು ಸಣ್ಣದಾಗಿ, ಬೇಗಬೇಗ ಅತ್ತಿತ್ತ ಅಲುಗಿಸುತ್ತಿರಲಿ. ನೀವು ಕೆಳಗಿನಿಂದ ಪ್ರತಿ ಕೀಲನ್ನೂ ಅಂಗೈಯಿಂದ ಅಪ್ಪಿ ಹಿಡಿಯಿರಿ, ಕೀಲಿನ ಎರಡೂ ಭಾಗಗಳು ನಿಮ್ಮ ಕೈಯೊಳಗೆ ಬರಬೇಕು. ಒಂದು ಭಾಗ ಸರಿದ ಮೇಲೆ ಇನ್ನೊಂದು ಸರಿದರೆ, ಆ ತಡೆದು ಬರುವ ಚಲನೆ ಕಣ್ಣಿಗೆ ಕಾಣದಿದ್ದರೂ ಕೈಗೆ ತಿಳಿಯುತ್ತದೆ. ಒಳ್ಳೆಯ ಬಾಲ್ ಜಾಯಿಂಟ್ (ಬಟ್ಟಲಿನೊಳಗೆ ಗುಂಡು ಹೊರಳುವ ಕೀಲು) ಹೊರಳುತ್ತದೆ, ಬಾಗುತ್ತದೆ. ಆದರೆ ರಾಡಿನ ಉದ್ದಕ್ಕೆ ಒಂದಿಷ್ಟೂ ಸರಿಯುವುದಿಲ್ಲ. ಐಡ್ಲರ್ ಆರ್ಮನ್ನು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ. ಅಲ್ಲಿ ಮೇಲೆ ಕೆಳಗೆ ಆಡುವ ಬುಷ್ ಇದ್ದರೆ ರಸ್ತೆಯ ಹೊಂಡದಲ್ಲಿ ಒಂದು ಬದಿಯ ಟೈ ರಾಡಿನ ಎತ್ತರ ಬದಲಾಗಿ ಆ ಬದಿಯ ಗಾಲಿ ತಾನಾಗಿ ತಿರುಗುತ್ತದೆ. ನೇರ ರಸ್ತೆಯಲ್ಲಿ ಗಾಡಿ ಅಲೆದಾಡುವ ದೂರಿಗೆ ಇದು ಕಾರಣವಾಗುವುದು ನಾವೆಣಿಸುವುದಕ್ಕಿಂತ ಹೆಚ್ಚು. ಇದೇ ಹೊತ್ತಿನಲ್ಲಿ ಬಾಕ್ಸ್, ಐಡ್ಲರ್ ಬ್ರಾಕೆಟ್ ಮತ್ತು ರ‍್ಯಾಕನ್ನು ಕಾರಿನ ಒಡಲಿಗೆ ಬಿಗಿದು ಹಿಡಿದಿರುವ ಬೋಲ್ಟುಗಳನ್ನು ಗಮನಿಸಿ. ಸ್ಟಿಯರಿಂಗ್ ತಿರುಗಿಸಿದಾಗ ಬಾಕ್ಸೇ ಅಲುಗಿದರೆ ಬೋಲ್ಟು ಸಡಿಲಾಗಿರಬಹುದು, ತಗಡು ತುಕ್ಕು ಹಿಡಿದು ಬಿರುಕು ಬಿಟ್ಟಿರಲೂಬಹುದು; ಹಾಗಿದ್ದರೆ ಉಳಿದ ಕೆಲಸಕ್ಕೆ ಮೊದಲು ಅದನ್ನೇ ಸರಿಪಡಿಸಬೇಕು.

ಎರಡನೆಯ ಪರೀಕ್ಷೆಗೆ ಗಾಲಿಯನ್ನು ನೆಲದಿಂದ ಎತ್ತಬೇಕು. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟು, ಜ್ಯಾಕಿನಿಂದ ಎತ್ತಿದ ಮೇಲೆ ಆಕ್ಸಲ್ ಸ್ಟ್ಯಾಂಡಿನ ಮೇಲೆ ಕೂರಿಸಿ. ಇಟ್ಟಿಗೆಯನ್ನೂ ಸಿಮೆಂಟ್ ಬ್ಲಾಕನ್ನೂ ಎಂದಿಗೂ ಬಳಸಬೇಡಿ, ಅವು ಭಾರದಡಿ ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಟಯರಿನ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಒಳಹೊರಗೆ ಅಲುಗಿಸಿ. ಅಲುಗಿದರೆ ದೋಷ ವೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ ಎಂದು ತಿಳಿಯಲು ಒಳಗಿರುವವರು ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಬೇಕು. ಬ್ರೇಕ್ ಹಿಡಿದಾಗ ಗಾಲಿಯೊಡನೆ ತಿರುಗುವ ಡ್ರಮ್ಮೂ ತಿರುಗದ ಬ್ಯಾಕ್ ಪ್ಲೇಟೂ ಒಂದಾಗುವುದರಿಂದ ಬೇರಿಂಗಿನ ಸಡಿಲು ಮಾಯವಾಗುತ್ತದೆ. ಆಗಲೂ ಅಲುಗಾಟ ಉಳಿದರೆ ಅದು ಕಿಂಗ್ ಪಿನ್ನಿನದು, ಅಂಬಾಸಿಡರ್ ಆದರೆ ಟ್ರನಿಯನ್ನಿನದು. ಬೇರಿಂಗ್ ಸಡಿಲಿದ್ದರೆ ಮೊದಲು ಅದನ್ನು ಸರಿಪಡಿಸಿಯೇ ಮುಂದಿನ ಪರೀಕ್ಷೆ ಮಾಡಬೇಕು, ಇಲ್ಲವಾದರೆ ಎರಡೂ ಬೆರೆತು ತೀರ್ಮಾನ ತಪ್ಪುತ್ತದೆ. ಬಳಿಕ ಟಯರಿನ ಕೆಳಗೆ ಉದ್ದನೆಯ ಸಬ್ಬಲ್ ಕೊಟ್ಟು ನಿಧಾನವಾಗಿ ಮೇಲಕ್ಕೆ ಮೀಟಿ. ಗಾಲಿ ಟಕ್ ಎಂದು ಮೇಲೇರಿದರೆ ಫಿಯೆಟ್‌ನಲ್ಲಿ ಭಾರ ಹೊರುವ ಥ್ರಸ್ಟ್ ವಾಷರ್ ಸವೆದಿರುತ್ತದೆ, ಅಂಬಾಸಿಡರ್‌ನಲ್ಲಿ ಥ್ರೆಡ್ಡೇ ಸವೆದಿರುತ್ತದೆ.

ಅಂಬಾಸಿಡರ್‌ನ ಟ್ರನಿಯನ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಗಾಡಿಯ ಭಾರವನ್ನು ಹೊರುವುದೂ ಗಾಲಿ ತಿರುಗಲು ಬಿಡುವುದೂ ಅದೇ ಥ್ರೆಡ್‌ಗಳ ಕೆಲಸ. ಗ್ರೀಸ್ ಇಲ್ಲದೆ, ನೀರೂ ಮರಳೂ ಸೇರಿ ಥ್ರೆಡ್ ತೆಳುವಾಗುತ್ತಾ ಹೋದರೂ ಹೊರಗಿನಿಂದ ಏನೂ ಕಾಣುವುದಿಲ್ಲ. ಮೋರಿಸ್ ಮೈನರ್ ಇಟ್ಟುಕೊಂಡವರೆಲ್ಲ ಬಲ್ಲ ಅಪಾಯವೆಂದರೆ, ಕೊನೆಗೊಂದು ದಿನ ಪಿನ್ನು ಟ್ರನಿಯನ್ನಿನಿಂದ ಕಳಚಿ ಗಾಲಿ ಮಡಚಿಕೊಳ್ಳುವುದು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಹಿಂದೆಮುಂದೆ ಮಾಡುವಾಗ ಹೀಗಾಗುವುದೇ ಹೆಚ್ಚು. ವೇಗದಲ್ಲಿ ಆಗುವುದಿಲ್ಲ ಎಂದು ಯಾರೂ ಭರವಸೆ ಕೊಡಲಾರರು. ಈ ಕೀಲಿನಲ್ಲಿ ಮೇಲೆ ಕೆಳಗೆ ಆಡುವ ಸಡಿಲು ಕಂಡರೆ ಮುಂದಿನ ತಿಂಗಳು ನೋಡೋಣ ಎನ್ನುವಂತಿಲ್ಲ. ಬದಲಿಸುವವರೆಗೆ ಗಾಡಿಯನ್ನು ರಸ್ತೆಗಿಳಿಸಬಾರದು.

ಇನ್ನು ಬದಲಿಸುವ ಕೆಲಸ. ಹೆಚ್ಚಾಗಿ ಎದುರಾಗುವುದು ಟೈ ರಾಡ್ ಎಂಡ್. ಬಿಚ್ಚುವ ಮೊದಲು ಲಾಕ್ ನಟ್ಟು ಅಥವಾ ಕ್ಲ್ಯಾಂಪ್ ನಿಂತಿರುವ ಜಾಗಕ್ಕೆ ಬಿಳಿ ಬಣ್ಣದ ಗುರುತು ಹಾಕಿ, ಕೀಲಿನ ನಡುವಿನಿಂದ ಇನ್ನೊಂದು ತುದಿಯ ಕೀಲಿನ ನಡುವಿಗೆ ಉದ್ದವನ್ನು ಅಳೆದು ಬರೆದುಕೊಳ್ಳಿ. ರಾಡಿನ ಒಂದು ತುದಿಯಲ್ಲಿ ಬಲ ಥ್ರೆಡ್, ಇನ್ನೊಂದರಲ್ಲಿ ಎಡ ಥ್ರೆಡ್ ಇರಬಹುದು ಎಂಬುದು ನೆನಪಿರಲಿ. ಬಿಚ್ಚುತ್ತಿದ್ದೇನೆಂದು ಬಿಗಿಮಾಡುತ್ತಾ ಹೋದವರು ಕಡಿಮೆಯಿಲ್ಲ. ಸ್ಪ್ಲಿಟ್ ಪಿನ್ ತೆಗೆದು ಕ್ಯಾಸಲ್ ನಟ್ಟನ್ನು (ಅಂಚಿನಲ್ಲಿ ಸೀಳುಗಳಿರುವ ನಟ್ಟನ್ನು) ನಾಲ್ಕೈದು ಥ್ರೆಡ್ ಉಳಿಯುವಂತೆ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಬಾಲ್ ಜಾಯಿಂಟಿನ ಟೇಪರ್ ಕಡ್ಡಿ (ತುದಿಯತ್ತ ಸಣ್ಣಗಾಗುವ ಕಡ್ಡಿ) ಸ್ಟಿಯರಿಂಗ್ ಆರ್ಮಿನ ಕಣ್ಣಿನಲ್ಲಿ, ಅಂದರೆ ರಂಧ್ರದಲ್ಲಿ, ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಥ್ರೆಡ್ಡಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ಥ್ರೆಡ್ ಹಾಳಾಗುತ್ತದೆ, ಕಡ್ಡಿ ಮಾತ್ರ ಬರುವುದಿಲ್ಲ. ಎರಡು ಕಾಲಿನ ಪುಲ್ಲರ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಆರ್ಮಿನ ಕಣ್ಣಿನ ಒಂದು ಮಗ್ಗುಲಿಗೆ ಭಾರವಾದ ಸುತ್ತಿಗೆಯನ್ನು ಆನಿಸಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದು ಸುತ್ತಿಗೆಯಿಂದ ಒಂದೆರಡು ಸಲ ಚುರುಕಾಗಿ ಹೊಡೆಯಿರಿ. ಕಣ್ಣು ಕ್ಷಣಮಾತ್ರ ಹಿಗ್ಗಿ ಟೇಪರ್ ಬಿಟ್ಟುಕೊಡುತ್ತದೆ, ನಟ್ಟು ಇನ್ನೂ ಥ್ರೆಡ್ಡಿನಲ್ಲಿರುವುದರಿಂದ ರಾಡು ಜಾರಿ ಬೀಳುವುದಿಲ್ಲ. ಕವಲಿನಂಥ ಫೋರ್ಕನ್ನು ತೂರಿಸಿ ಬಡಿಯುವ ವಿಧಾನ ಬೂಟನ್ನು ಹರಿಯುತ್ತದೆ, ಹಾಗಾಗಿ ಮತ್ತೆ ಬಳಸಬೇಕಾದ ಕೀಲಿಗೆ ಅದು ಬೇಡ. ಗ್ಯಾಸ್ ಬೆಂಕಿ ಹಿಡಿದು ಕಾಯಿಸುವುದಂತೂ ಯಾವ ಸ್ಟಿಯರಿಂಗ್ ಭಾಗಕ್ಕೂ ಸಲ್ಲದು, ಉಕ್ಕಿನ ಹದ ಕೆಡುತ್ತದೆ.

ಹೊಸ ಭಾಗ ಕೊಳ್ಳುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಅಂಬಾಸಿಡರ್ ಭಾಗಗಳಿಗೆ ಕೋಲ್ಕತ್ತದ ಮಲ್ಲಿಕ್ ಬಜಾರಿನಿಂದ ತರಿಸಿಕೊಳ್ಳುವವರೂ ಇದ್ದಾರೆ. ಹಳೆಯ ಸ್ಟಾಕಿನ ಅಸಲಿ ಭಾಗ ಸಿಕ್ಕಿತೆಂದು ಹಿಗ್ಗುವ ಮೊದಲು ಅದರ ರಬ್ಬರ್ ಬೂಟನ್ನು ಬೆರಳಿನಿಂದ ಮಡಚಿ ನೋಡಿ, ಇಪ್ಪತ್ತು ವರ್ಷ ಡಬ್ಬಿಯಲ್ಲಿದ್ದ ರಬ್ಬರ್ ಬಿರುಕು ಬಿಟ್ಟಿರುತ್ತದೆ, ಒಳಗಿನ ಗ್ರೀಸ್ ಮೇಣವಾಗಿರುತ್ತದೆ. ಉಕ್ಕು ಚೆನ್ನಾಗಿದ್ದರೆ ಬೂಟು ಬದಲಿಸಿ, ಹಳೆಯ ಗ್ರೀಸ್ ತೊಳೆದು ಹೊಸದನ್ನು ತುಂಬಿಸಿ ಬಳಸಬಹುದು. ಹೊಸದಾಗಿ ತಯಾರಾದ ಅಗ್ಗದ ಭಾಗಗಳಲ್ಲಿ ನಾನು ಹೆಚ್ಚು ಹೆದರುವುದು ಟೇಪರಿನ ಅಳತೆಗೆ. ಕಡ್ಡಿಗೆ ತೆಳುವಾಗಿ ಮಾರ್ಕಿಂಗ್ ಬ್ಲೂ ಎಂಬ ನೀಲಿ ಬಣ್ಣ ಸವರಿ, ಕಣ್ಣಿನೊಳಗೆ ಕೂರಿಸಿ, ಒಂದು ಸಲ ತಿರುಗಿಸಿ ಹೊರತೆಗೆಯಿರಿ. ಆ ಬಣ್ಣ ಕಣ್ಣಿನ ಸುತ್ತಲೂ ಉದ್ದಕ್ಕೂ ಸಮನಾಗಿ ಹತ್ತಿರಬೇಕು. ಮೇಲಂಚಿಗೋ ಕೆಳಂಚಿಗೋ ಮಾತ್ರ ಹತ್ತಿದ್ದರೆ ಆ ಭಾಗ ನಿಮ್ಮ ಕಾರಿನದಲ್ಲ, ಎಷ್ಟು ಬಿಗಿಮಾಡಿದರೂ ಅದು ಕೆಲವೇ ದಿನಗಳಲ್ಲಿ ಸಡಿಲವಾಗಿ ಕಣ್ಣನ್ನೂ ತಿಂದುಹಾಕುತ್ತದೆ.

ಕೂರಿಸುವಾಗ ಟೇಪರ್ ಒಣಗಿರಬೇಕು, ಗ್ರೀಸಿನ ಸೋಂಕೂ ಇರಬಾರದು. ನಟ್ಟು ಬಿಗಿಮಾಡುವಾಗ ಕಡ್ಡಿಯೇ ತಿರುಗತೊಡಗಿದರೆ ಕೆಳಗಿನಿಂದ ಸಣ್ಣ ಜ್ಯಾಕಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಸ್ಪ್ಲಿಟ್ ಪಿನ್ನಿನ ರಂಧ್ರ ಹೊಂದದಿದ್ದರೆ ನಟ್ಟಿನ ಮುಂದಿನ ಸೀಳು ರಂಧ್ರದ ಎದುರು ಬರುವವರೆಗೆ ಇನ್ನಷ್ಟು ಬಿಗಿಮಾಡಬೇಕು, ರಂಧ್ರ ಹೊಂದಿಸಲೆಂದು ನಟ್ಟನ್ನು ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ ಆಗಬೇಕು. ಸವೆದ ಬಾಲ್ ಜಾಯಿಂಟಿನ ಬಟ್ಟಲನ್ನು ಪಂಚಿನಿಂದ ಬಡಿದು ಬಿಗಿಮಾಡುವುದು, ವೆಲ್ಡಿಂಗ್ ಹಾಕುವುದು ಇವನ್ನು ಕೆಲವೆಡೆ ಇಂದಿಗೂ ಮಾಡುತ್ತಾರೆ. ಅಂಥ ಕೀಲಿನ ಮೇಲೆ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು.

ಫಿಯೆಟ್‌ನ ಕಿಂಗ್ ಪಿನ್ ಬದಲಿಸುವುದು ಮನೆಯಂಗಳದಲ್ಲಿ ಅರ್ಧ ಮಾತ್ರ ಮುಗಿಯುವ ಕೆಲಸ, ಉಳಿದರ್ಧಕ್ಕೆ ಒಳ್ಳೆಯ ಲೇತ್ ಕೆಲಸಗಾರ ಬೇಕು. ಗಾಲಿ, ಡ್ರಮ್ಮು ಬಿಚ್ಚಿ, ಬ್ಯಾಕ್ ಪ್ಲೇಟನ್ನು ಬ್ರೇಕ್ ಹೋಸ್ ಸಮೇತ ತಂತಿಯಿಂದ ಮೇಲಕ್ಕೆ ಕಟ್ಟಿ; ಹೋಸಿನ ಮೇಲೆ ಅದರ ಭಾರ ಬೀಳಬಾರದು. ಕಾಯಿಲ್ ಸ್ಪ್ರಿಂಗಿನಲ್ಲಿ ಮನುಷ್ಯನ ಕೈ ಮುರಿಯುವಷ್ಟು ಬಲ ಅಡಗಿರುತ್ತದೆ, ಹಾಗಾಗಿ ಕೆಳಗಿನ ಆರ್ಮಿನಡಿ ಜ್ಯಾಕ್ ಕೊಟ್ಟೇ ಮುಂದುವರಿಯಬೇಕು. ಕಿಂಗ್ ಪಿನ್ನನ್ನು ತಡೆದು ಹಿಡಿದಿರುವ ಲಾಕ್ ಪಿನ್ನನ್ನು ಮೊದಲು ಹೊರಗೆ ಬಡಿಯಿರಿ. ಅದನ್ನು ಮರೆತು ಕಿಂಗ್ ಪಿನ್ನನ್ನೇ ಹೊಡೆದರೆ ಆ ಭಾಗವೇ ಬಿರಿಯಬಹುದು. ತುಕ್ಕಿನಿಂದ ಹಿಡಿದುಕೊಂಡಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಆಮೇಲೂ ಬಾರದಿದ್ದರೆ ಇಡೀ ಭಾಗವನ್ನು ಬಿಚ್ಚಿ ಪ್ರೆಸ್ ಇರುವ ಕಡೆ ಒಯ್ಯುವುದೇ ಸರಿ.

ಹೊಸ ಬುಷ್‌ಗಳನ್ನು ಪ್ರೆಸ್ಸಿನಿಂದ ಒತ್ತುವಾಗ ಬುಷ್ಷಿನ ರಂಧ್ರವೂ ಗ್ರೀಸ್ ನಿಪ್ಪಲಿನ ರಂಧ್ರವೂ ಒಂದರ ಎದುರು ಒಂದು ಬರಬೇಕು. ಇದು ತಪ್ಪಿದರೆ ಮುಂದೆ ಎಷ್ಟು ಗ್ರೀಸ್ ಒತ್ತಿದರೂ ಪಿನ್ನಿಗೆ ತಲುಪುವುದಿಲ್ಲ. ಒತ್ತಿದ ಬುಷ್ ತುಸು ಕಿರಿದಾಗಿರುತ್ತದೆ, ಅದನ್ನು ರೀಮರ್ (ರಂಧ್ರವನ್ನು ಹೆರೆದು ಹಿಗ್ಗಿಸುವ ಸಾಧನ) ಹಾಕಿ ಅಳತೆಗೆ ತರಬೇಕು. ಮೇಲಿನ ಬುಷ್ಷನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಕೊರೆದರೆ ಎರಡೂ ಒಂದೇ ಗೆರೆಯಲ್ಲಿ ಬರುವುದಿಲ್ಲ. ಒಂದು ಬುಷ್ಷನ್ನು ಆಸರೆಯಾಗಿಸಿಕೊಂಡು ಇನ್ನೊಂದರೊಳಗೆ ಸಾಗುವ ಉದ್ದನೆಯ ರೀಮರ್ ಬೇಕು. ಎಣ್ಣೆ ಸವರಿದ ಪಿನ್ನು ಹೆಬ್ಬೆರಳ ಒತ್ತಡಕ್ಕೆ ನಿಧಾನವಾಗಿ ಇಳಿಯುವಂತಿದ್ದರೆ ಹದ ಸರಿಯಾಗಿದೆ. ತನ್ನ ಭಾರಕ್ಕೇ ಜಾರಿದರೆ ಅದು ಹೊಸದಾಗಿಯೇ ಸವೆದಂತೆ, ಸುತ್ತಿಗೆ ಬೇಕಾದರೆ ಸ್ಟಿಯರಿಂಗ್ ಗಟ್ಟಿಯಾಗಿ ತಿರುವಿನಿಂದ ಮರಳದು. ಥ್ರಸ್ಟ್ ವಾಷರಿನ ಜೊತೆ ತಕ್ಕ ದಪ್ಪದ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಮೇಲೆ ಕೆಳಗಿನ ಸಡಿಲನ್ನು ತೆಗೆಯಿರಿ, ಆದರೆ ಕೈಯಿಂದ ಸಲೀಸಾಗಿ ತಿರುಗುವಷ್ಟು ಬಿಡುವು ಉಳಿಯಲಿ. ಒಂದು ಬದಿಯ ಕಿಂಗ್ ಪಿನ್ ಸವೆದಿದ್ದರೆ ಇನ್ನೊಂದು ಬದಿಯನ್ನೂ ಆಗಲೇ ಮಾಡಿಸುವುದು ನನ್ನ ಪದ್ಧತಿ, ಎರಡೂ ಓಡಿದ್ದು ಅಷ್ಟೇ ದೂರ.

ಟ್ರನಿಯನ್ ಬದಲಿಸುವಾಗ ಕೆಳಗಿನ ಆರ್ಮಿಗೆ ಜ್ಯಾಕಿನ ಆಸರೆ ಇಲ್ಲಿಯೂ ಬೇಕು, ಏಕೆಂದರೆ ಟಾರ್ಶನ್ ಬಾರ್ ತಿರುಚಿಕೊಂಡೇ ನಿಂತಿರುತ್ತದೆ. ಎಡಗಾಲಿಯ ಮತ್ತು ಬಲಗಾಲಿಯ ಥ್ರೆಡ್‌ಗಳು ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಭಾಗಗಳನ್ನು ಅದಲುಬದಲು ಮಾಡಲಾಗದು. ಅಂಗಡಿಯಲ್ಲೇ ಪಿನ್ನಿಗೆ ಟ್ರನಿಯನ್ ತಿರುಗಿಸಿ ನೋಡಿ ತೆಗೆದುಕೊಳ್ಳಿ. ಸವೆದ ಪಿನ್ನಿಗೆ ಹೊಸ ಟ್ರನಿಯನ್ ಹಾಕಿ ಹಣ ಉಳಿಸುವುದು ವ್ಯರ್ಥ, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಟ್ರನಿಯನ್ನನ್ನು ಕೊನೆಯವರೆಗೆ ತಿರುಗಿಸಿ, ಬಳಿಕ ಗಾಲಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗುವಾಗ ಎಲ್ಲೂ ಕಚ್ಚದಷ್ಟು ಹಿಂದಕ್ಕೆ ಬಿಡಿ.

ಡ್ರಾಪ್ ಆರ್ಮ್ ಬಿಚ್ಚುವ ಪ್ರಸಂಗ ಬಂದರೆ ಆರ್ಮಿಗೂ ಶಾಫ್ಟಿಗೂ ಸೇರಿಸಿ ಒಂದು ಗೆರೆ ಕೊರೆದುಕೊಂಡು ಪುಲ್ಲರಿನಿಂದಲೇ ಎಳೆಯಿರಿ. ಸುತ್ತಿಗೆಯ ಏಟು ನೇರವಾಗಿ ಬಾಕ್ಸಿನೊಳಗಿನ ಹಲ್ಲುಗಳಿಗೆ ಬೀಳುತ್ತದೆ. ಐಡ್ಲರ್ ಬುಷ್ ಅಗ್ಗದ ವಸ್ತು, ಅನುಮಾನ ಬಂದರೂ ಬದಲಿಸಿಬಿಡಿ.

ಇಷ್ಟೆಲ್ಲ ಆದ ಮೇಲೂ ಪ್ಲೇ ಉಳಿದಿದ್ದರೆ ಆಗ ಫಿಯೆಟ್‌ನ ಬಾಕ್ಸಿಗೆ ಕೈ ಹಾಕಬಹುದು. ಮೊದಲು ಎಣ್ಣೆಯ ಮಟ್ಟ ನೋಡಿ. ಇಲ್ಲಿ ಬೇಕಾದದ್ದು 90 ನಂಬರಿನ ಗೇರ್ ಎಣ್ಣೆ. ಸೀಲು ಸೋರುತ್ತದೆ ಎಂದು ಗ್ರೀಸ್ ತುಂಬುವ ರೂಢಿ ಇದೆ. ವರ್ಮ್ ಒಮ್ಮೆ ಪಕ್ಕಕ್ಕೆ ತಳ್ಳಿದ ಗ್ರೀಸ್ ಮತ್ತೆ ಹಲ್ಲುಗಳಿಗೆ ಹರಿದು ಬರುವುದಿಲ್ಲ, ಹೀಗಾಗಿ ಬಾಕ್ಸ್ ಗ್ರೀಸಿನಿಂದ ತುಂಬಿದ್ದರೂ ಹಲ್ಲುಗಳು ಒಣಗಿಯೇ ಸವೆಯುತ್ತವೆ. ಸೀಲು ಬದಲಿಸಿ ಎಣ್ಣೆಯನ್ನೇ ಹಾಕಬೇಕು. ಹೊಂದಿಸುವಾಗ ಡ್ರಾಪ್ ಆರ್ಮಿನಿಂದ ರಾಡನ್ನು ಬೇರ್ಪಡಿಸಿ, ಸ್ಟಿಯರಿಂಗನ್ನು ನೇರದಲ್ಲಿಟ್ಟು, ಲಾಕ್ ನಟ್ಟು ಸಡಿಲಿಸಿ ಸ್ಕ್ರೂವನ್ನು ಒಂದು ಸಲಕ್ಕೆ ಎಂಟನೆಯ ಒಂದು ಸುತ್ತಿನಷ್ಟೇ ತಿರುಗಿಸಿ. ಪ್ರತಿ ಸಲವೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎರಡು ಬೆರಳಿನಿಂದ ತಿರುಗಿಸಿ ನೋಡಬೇಕು. ಗಾಡಿ ಹೆಚ್ಚು ಓಡುವುದು ನೇರಕ್ಕೇ ಆದ್ದರಿಂದ ವರ್ಮ್ ನಡುವಿನಲ್ಲಿಯೇ ಹೆಚ್ಚು ಸವೆದಿರುತ್ತದೆ. ನಡುವಿನ ಸಡಿಲು ಹೋಗುವಷ್ಟು ಬಿಗಿಮಾಡಿದಾಗ ಪಕ್ಕದಲ್ಲಿ ಎಲ್ಲಾದರೂ ಗಟ್ಟಿಯಾದರೆ ಆ ವರ್ಮಿನ ಆಯಸ್ಸು ಮುಗಿದಿದೆ ಎಂದರ್ಥ, ಅದನ್ನು ಸ್ಕ್ರೂವಿನಿಂದ ಉಳಿಸಲಾಗದು. ನಮ್ಮ ಪದ್ಮಿನಿಯ ಬಾಕ್ಸನ್ನು ಮತ್ತೆ ಮೊದಲಿನ ಜಾಗಕ್ಕೆ ಸಡಿಲಿಸಿ, ಕೀಲುಗಳನ್ನು ಬದಲಿಸಿದಾಗ 60 ಮಿ.ಮೀ. ಇದ್ದ ಪ್ಲೇ 20ಕ್ಕೆ ಇಳಿದಿತ್ತು.

ರ‍್ಯಾಕಿನಲ್ಲಿಯೂ ಇದೇ ನ್ಯಾಯ. ಎರಡೂ ತುದಿಯ ರಬ್ಬರ್ ಬೂಟುಗಳು ಹರಿದಿದ್ದರೆ ಎಣ್ಣೆ ಸೋರಿ, ಒಳಗೆ ಮಣ್ಣು ಸೇರಿ ಹಲ್ಲುಗಳು ಹಾಳಾಗುತ್ತವೆ. ಬೂಟನ್ನು ಹಿಸುಕಿ ಒಳಗಿನ ಬಾಲ್ ಜಾಯಿಂಟಿನ ಸಡಿಲನ್ನೂ ಹೊರಗಿನಿಂದಲೇ ತಿಳಿಯಬಹುದು. ನಡುವಿನಲ್ಲಿ ಸವೆದ ರ‍್ಯಾಕನ್ನು ಬಿಗಿಮಾಡಿದರೆ ತುದಿಗಳಲ್ಲಿ ಕಚ್ಚುತ್ತದೆ. ಹಳೆಯ ರ‍್ಯಾಕನ್ನು ಎಸೆದು ಹೊಸ ಕಾರಿನದನ್ನು ಕೂರಿಸುವ ಸಲಹೆ ಕೊಡುವವರಿರುತ್ತಾರೆ. ಟೈ ರಾಡಿನ ಉದ್ದವೂ ಸಸ್ಪೆನ್ಶನ್ನಿನ ಚಲನೆಯೂ ಹೊಂದದೆ ಹೊಂಡದಲ್ಲಿ ಗಾಲಿ ತಾನಾಗಿ ತಿರುಗುವ ಅಪಾಯ ಅದರಲ್ಲಿದೆ. ಅಲ್ಲದೆ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದಾದ್ದರಿಂದ, ಮೂಲ ರಚನೆಯನ್ನು ಕಾಪಾಡಿಕೊಳ್ಳುವುದೇ ಲೇಸು.

ಕೀಲುಗಳನ್ನು ಮುಟ್ಟಿದ ಮೇಲೆ ಟೋ (ಮುಂದಿನ ಎರಡು ಗಾಲಿಗಳು ಒಳಮುಖವಾಗಿಯೋ ಹೊರಮುಖವಾಗಿಯೋ ನಿಂತಿರುವ ಅಳತೆ) ಹೊಂದಿಸಲೇಬೇಕು. ಅಲೈನ್‌ಮೆಂಟ್ ಯಂತ್ರವಿರುವ ಅಂಗಡಿಗೆ ಹೋಗುವ ಮೊದಲು, ಅಲ್ಲಿಯವರೆಗೆ ಓಡಿಸುವಷ್ಟಾದರೂ ಮನೆಯಲ್ಲಿ ಸರಿಮಾಡಿಕೊಳ್ಳಬಹುದು. ಎರಡೂ ಮುಂದಿನ ಟಯರುಗಳ ಹಿಂಬದಿಯಲ್ಲಿ, ಹಬ್ಬಿನ ಎತ್ತರಕ್ಕೆ ಸೀಮೆಸುಣ್ಣದಿಂದ ಗುರುತು ಮಾಡಿ ನಡುವಿನ ಅಂತರ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ ಅದೇ ಗುರುತುಗಳು ಮುಂಬದಿಯಲ್ಲಿ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಹಿಂದಿನ ಗಾಲಿ ಎಳೆಯುವ ಈ ಕಾಲದ ಕಾರುಗಳಲ್ಲಿ ಮುಂದಿನ ಅಳತೆ ಸಾಮಾನ್ಯವಾಗಿ ಎರಡು ಮೂರು ಮಿ.ಮೀ. ಕಡಿಮೆ ಇರಬೇಕು, ನಿಮ್ಮ ಮಾದರಿಯ ಕೈಪಿಡಿಯ ಅಳತೆಯೇ ಅಂತಿಮ. ಎರಡೂ ಬದಿಯ ರಾಡುಗಳನ್ನು ಸಮನಾಗಿ ತಿರುಗಿಸಿ ಹೊಂದಿಸಿದರೆ ಸ್ಟಿಯರಿಂಗ್ ಚಕ್ರ ನಡುವಿನಲ್ಲಿಯೇ ಉಳಿಯುತ್ತದೆ.

ಮೊದಲ ಓಡಾಟ ಖಾಲಿ ರಸ್ತೆಯಲ್ಲಿ, 30 ಕಿ.ಮೀ. ವೇಗದೊಳಗೆ ಇರಲಿ. ಸಣ್ಣ ತಿರುವಿನ ಬಳಿಕ ಕೈಯ ಹಿಡಿತ ಸಡಿಲಿಸಿದಾಗ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆಯೇ ಎಂಬುದನ್ನು ಮುಖ್ಯವಾಗಿ ಗಮನಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಸ್ಪ್ಲಿಟ್ ಪಿನ್ನುಗಳನ್ನೂ ಮತ್ತೊಮ್ಮೆ ನೋಡಿ, ಹೊಸ ಟೇಪರ್‌ಗಳು ಅಷ್ಟರಲ್ಲಿ ಕುಳಿತುಕೊಂಡಿರುತ್ತವೆ. ಕಿಂಗ್ ಪಿನ್ನಿಗೂ ಟ್ರನಿಯನ್ನಿಗೂ 1,500 ಕಿ.ಮೀ.ಗೊಮ್ಮೆ, ಕಡಿಮೆ ಓಡುವ ಗಾಡಿಯಾದರೆ ಮೂರು ತಿಂಗಳಿಗೊಮ್ಮೆ, ಮಳೆಗಾಲ ಮುಗಿದೊಡನೆ ಇನ್ನೊಮ್ಮೆ ಗ್ರೀಸ್ ಒತ್ತಿ. ಗಾಲಿಯನ್ನು ನೆಲದಿಂದ ಎತ್ತಿ, ಒಬ್ಬರು ಸ್ಟಿಯರಿಂಗನ್ನು ಎರಡೂ ಕಡೆ ತಿರುಗಿಸುತ್ತಿರುವಾಗ ಗ್ರೀಸ್ ಗನ್ ಒತ್ತುತ್ತಾ ಹೋದರೆ, ಭಾರವಿಲ್ಲದ ಬದಿಯ ಸಂದಿಗೂ ಗ್ರೀಸ್ ಸೇರುತ್ತದೆ. ಕಪ್ಪು ಗ್ರೀಸ್ ಹೊರಬಂದು, ಅದರ ಹಿಂದೆ ಹೊಸ ಗ್ರೀಸಿನ ಬಣ್ಣ ಕಾಣುವವರೆಗೆ ಒತ್ತಬೇಕು.